ಕೊಡಗಿನ ಮಳೆ ಲೆಕ್ಕದಿಂದ ಓಪನ್‌ಎಸಿಸಿ ಕಲಿಯಿರಿ: ಸಿ ಕೋಡನ್ನು ಜಿಪಿಯುಗೆ ಒಯ್ಯುವ ದಾರಿ

"ಜಿಪಿಯು ಪ್ರೋಗ್ರಾಮಿಂಗ್ ಕಲೀಬೇಕು. ಆದ್ರೆ ಕುಡಾ ಪೂರ್ತಿ ಕಲಿಯೋಕೆ ಟೈಮಿಲ್ಲ, ಲ್ಯಾಪ್‌ಟಾಪಲ್ಲಿ ಜಿಪಿಯು ಕೂಡ ಇಲ್ಲ. ಏನ್ ಮಾಡ್ಲಿ?" ಪೊನ್ನಂಪೇಟೆ, ಕುಶಾಲನಗರದ ಕಡೆಯ ಎಂಜಿನಿಯರಿಂಗ್ ಹುಡುಗರು ಹುಡುಗಿಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಯಿತು. ಒಂದೇ ಕಡೆ ಬರೆದಿಡುತ್ತಿದ್ದೇನೆ.

ಜಿಪಿಯು ಅಂದರೆ ಸಾವಿರಾರು ಲೆಕ್ಕಗಳನ್ನು ಒಟ್ಟಿಗೆ ಮಾಡಬಲ್ಲ ಗ್ರಾಫಿಕ್ಸ್ ಚಿಪ್. ಅದಕ್ಕೆ ಕೋಡ್ ಬರೆಯಲು ಎನ್‌ವಿಡಿಯಾ ಕಂಪನಿ 2007ರಲ್ಲಿ ಬಿಟ್ಟ ವ್ಯವಸ್ಥೆ ಕುಡಾ. ಕುಡಾದಲ್ಲಿ ಬರೆಯಬೇಕೆಂದರೆ ನಿಮ್ಮ ಕೋಡನ್ನು ಅದರ ರೀತಿಗೆ ತಿದ್ದಿ ಬರೆಯಬೇಕು. ಡೈರೆಕ್ಟಿವ್ ದಾರಿ ಬೇರೆ. ಡೈರೆಕ್ಟಿವ್ ಅಂದರೆ ಕಂಪೈಲರ್‌ಗೆ ಕೊಡುವ ಸೂಚನೆ. ನಿಮ್ಮ ಸಿ ಅಥವಾ ಫೋರ್ಟ್ರಾನ್ ಕೋಡ್ ಇದ್ದ ಹಾಗೇ ಇರುತ್ತದೆ. ಲೂಪಿನ ತಲೆಯ ಮೇಲೆ ಒಂದು ಸಾಲು ಸೇರಿಸಿ "ಇದನ್ನು ಜಿಪಿಯು ಮೇಲೆ ಒಟ್ಟೊಟ್ಟಿಗೆ ಮಾಡು" ಎನ್ನುತ್ತೀರಿ. ಆ ಸಾಲು ಅರ್ಥವಾಗದ ಕಂಪೈಲರ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ, ಕೋಡ್ ಮೊದಲಿನ ಹಾಗೇ ಓಡುತ್ತದೆ.

ಇಂಥ ಸೂಚನೆಗಳಲ್ಲಿ ಎರಡು ಮುಖ್ಯ ಬಗೆ ಇವೆ. ಓಪನ್‌ಎಸಿಸಿ 2011ರಲ್ಲಿ ಬಂತು. ಓಪನ್‌ಎಂಪಿ ಅದಕ್ಕಿಂತ ಹಳೆಯದು, 1997ರದ್ದು. ಜಿಪಿಯುಗೆ ಕೆಲಸ ಕಳಿಸುವ ಸೌಲಭ್ಯ ಅದಕ್ಕೆ ಬಂದದ್ದು 2013ರ 4.0 ಆವೃತ್ತಿಯಲ್ಲಿ. ಮೊದಲು ಓಪನ್‌ಎಸಿಸಿ ಕಲಿಯಿರಿ ಎನ್ನುವುದು ನನ್ನ ಸಲಹೆ. ಸಾಲುಗಳು ಚಿಕ್ಕವು, ಕಂಪೈಲರ್ ಹೇಳುವುದು ಚೆನ್ನಾಗಿ ತಿಳಿಯುತ್ತದೆ. ಆಮೇಲೆ ಓಪನ್‌ಎಂಪಿಗೆ ಹೋಗಲು ಒಂದು ವಾರ ಸಾಕು.

ಕೋಡಿನ ಸಾಲುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಏನೇನು ಬೇಕು

ಸಿ ಭಾಷೆಯಲ್ಲಿ ಲೂಪ್, ಅರೇ, ಪಾಯಿಂಟರ್ ಗೊತ್ತಿದ್ದರೆ ಸಾಕು. ಒಂದು ಗೂಗಲ್ ಖಾತೆ ಬೇಕು. ಬ್ರೌಸರ್‌ನಲ್ಲೇ ಕೋಡ್ ಓಡಿಸಲು ಬಿಡುವ ಗೂಗಲ್ ಕೊಲ್ಯಾಬ್‌ನಲ್ಲಿ ಪುಕ್ಕಟೆಯಾಗಿ ಟಿ4 ಜಿಪಿಯು ಸಿಗುತ್ತದೆ, ಅದಕ್ಕೆ 16 ಜಿಬಿ ಮೆಮೊರಿ. ಕಂಪೈಲರ್ ಎನ್‌ವಿಡಿಯಾದ ಎಚ್‌ಪಿಸಿ ಎಸ್‌ಡಿಕೆ. ಅದಕ್ಕೂ ದುಡ್ಡಿಲ್ಲ. ಅದು ಹಲವು ಜಿಬಿ ಇರುವುದರಿಂದ ಮನೆಯ ನೆಟ್‌ನಲ್ಲಿ ಇಳಿಸಲು ಹೋಗಬೇಡಿ. ಕೊಲ್ಯಾಬ್‌ನಲ್ಲಿ ಇಳಿಸಿದರೆ ಡೌನ್‌ಲೋಡ್ ಆಗುವುದು ಗೂಗಲ್‌ನ ಕಂಪ್ಯೂಟರಿಗೆ, ನಿಮ್ಮ ಡೇಟಾ ಖರ್ಚಾಗುವುದಿಲ್ಲ.

ನಾವು ಮಾಡುವ ಲೆಕ್ಕ

ಪುಸ್ತಕಗಳಲ್ಲಿ ಉದಾಹರಣೆಗೆ ಬಿಸಿ ತಗಡಿನ ಲೆಕ್ಕ ಕೊಡುತ್ತಾರೆ. ನಾವು ಮಳೆ ತೆಗೆದುಕೊಳ್ಳೋಣ. ಕೊಡಗಿನಲ್ಲಿ ತೋಟ ಇರುವ ಎಷ್ಟೋ ಮನೆಗಳಲ್ಲಿ ಮಳೆಮಾಪಕ ಇದೆ. ತೋಟದ ಲೆಕ್ಕ ಬರೆಯುವ ರೈಟರೋ ಮನೆಯವರೋ ಬೆಳಿಗ್ಗೆ ನೋಡಿ ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುತ್ತಾರೆ. ಇಂಥ 50 ಮಾಪಕಗಳ ಒಂದು ವರ್ಷದ ಲೆಕ್ಕ ನಿಮ್ಮ ಹತ್ತಿರ ಇದೆ ಎಂದುಕೊಳ್ಳಿ. ಮಾಪಕ ಇಲ್ಲದ ಜಾಗದಲ್ಲಿ ಎಷ್ಟು ಮಳೆ ಬಿದ್ದಿರಬಹುದು?

ಜಿಲ್ಲೆಯನ್ನು ಸುತ್ತುವರಿಯುವ ಹಾಗೆ ಉತ್ತರ ದಕ್ಷಿಣ 105 ಕಿಲೋಮೀಟರ್, ಪೂರ್ವ ಪಶ್ಚಿಮ 90 ಕಿಲೋಮೀಟರ್ ಆಯತ ಹಾಕಿ. ಅದನ್ನು 30 ಮೀಟರಿನ ಚಿಕ್ಕ ಚೌಕಗಳಾಗಿ ಕತ್ತರಿಸಿ. ಇಂಥ ಒಂದೊಂದು ಚೌಕವನ್ನೂ ಮುಂದೆ ಮನೆ ಎನ್ನುತ್ತೇನೆ. 3500 ಅಡ್ಡಸಾಲು, ಸಾಲಿಗೆ 3000 ಮನೆ, ಒಟ್ಟು 1 ಕೋಟಿ 5 ಲಕ್ಷ ಮನೆ. ಪ್ರತಿ ಮನೆಯ ಮಳೆ ಅಂದರೆ 50 ಮಾಪಕಗಳ ಸರಾಸರಿ, ಹತ್ತಿರದ್ದಕ್ಕೆ ತೂಕ ಜಾಸ್ತಿ, ದೂರದ್ದಕ್ಕೆ ಕಡಿಮೆ. ತೂಕ ಅಂದರೆ ದೂರದ ವರ್ಗದಿಂದ 1ನ್ನು ಭಾಗಿಸಿದ್ದು.

ಇದರ ಜೊತೆಗೆ ಮಣ್ಣಿನ ತೇವದ ಒಂದು ಸರಳ ಲೆಕ್ಕ ಸೇರಿಸೋಣ. ಇವತ್ತಿನ ತೇವ = ನಿನ್ನೆಯ ತೇವದ 0.9 ಪಾಲು + ಇವತ್ತಿನ ಮಳೆ. ಜಲವಿಜ್ಞಾನದಲ್ಲಿ ಇಂಥ ಸೂಚ್ಯಂಕ ಬಳಕೆಯಲ್ಲಿದೆ. 0.9 ಎಂಬುದು ನಾನು ಸುಮ್ನೆ ಇಟ್ಟ ಸಂಖ್ಯೆ. 2018ರ ಆಗಸ್ಟ್ ಕಂಡ ನಮ್ಮವರಿಗೆ ಈ ನಕ್ಷೆ ನೋಡಿದ ಕೂಡಲೇ ಗುಡ್ಡ ಕುಸಿತದ ನೆನಪು ಬರುವುದು ಸಹಜ. ಇದು ಕಲಿಯುವುದಕ್ಕೆ ಮಾತ್ರ. ಇಳಿಜಾರು, ಮಣ್ಣಿನ ಬಗೆ ಯಾವುದೂ ಇದರಲ್ಲಿಲ್ಲ. ದಯವಿಟ್ಟು ವಾಟ್ಸಾಪ್‌ನಲ್ಲಿ ಹಂಚಬೇಡಿ.

ಹಂತ 1: ಜಾಗ ಸಿದ್ಧ ಮಾಡಿ

ಕೊಲ್ಯಾಬ್‌ನಲ್ಲಿ ಹೊಸ ನೋಟ್‌ಬುಕ್ ತೆರೆಯಿರಿ. ರನ್‌ಟೈಮ್ ಮೆನುವಿನಲ್ಲಿ ರನ್‌ಟೈಮ್ ಬದಲಿಸುವ ಆಯ್ಕೆ ಒತ್ತಿ ಟಿ4 ಆರಿಸಿ. ಮೊದಲ ಸೆಲ್‌ನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಎನ್‌ವಿಡಿಯಾ-ಎಸ್ಎಂಐ ಎಂದು ಓಡಿಸಿ. ಜಿಪಿಯು ಹೆಸರು ಬಂದರೆ ಸರಿ. ಎರಡನೇ ಸೆಲ್‌ನಲ್ಲಿ ಎಚ್‌ಪಿಸಿ ಎಸ್‌ಡಿಕೆ ಹಾಕಿಸುವ ಆಜ್ಞೆಗಳು. ಅವು ಎನ್‌ವಿಡಿಯಾದ ಡೌನ್‌ಲೋಡ್ ಪುಟದಲ್ಲಿ ಉಬುಂಟು ಎಂಬ ತಲೆಬರಹದಡಿ ಸಿಗುತ್ತವೆ, ಅಲ್ಲಿಂದಲೇ ನಕಲು ಮಾಡಿ.

ಎಚ್ಚರ: ಕೊಲ್ಯಾಬ್ ಸೆಷನ್ ಮುಗಿದರೆ ಹಾಕಿದ್ದೆಲ್ಲ ಅಳಿಸಿಹೋಗುತ್ತದೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೆ ನೆಟ್ ಹೋಯಿತು, ಸ್ವಲ್ಪ ಹೊತ್ತಿಗೆ ಸೆಷನ್ನೂ ಹೋಯಿತು. ಕೋಡ್ ಫೈಲುಗಳನ್ನು ಗೂಗಲ್ ಡ್ರೈವ್‌ನಲ್ಲೇ ಇಡಿ.

ಹಂತ 2: ಮೊದಲು ಜಿಪಿಯು ಇಲ್ಲದೆ ಬರೆಯಿರಿ

ಇದನ್ನು ಹಾರಿಸುವವರೇ ಹೆಚ್ಚು. ಮೊದಲು ಸಾದಾ ಸಿ ಕೋಡ್ ಬರೆದು ಉತ್ತರ ಸರಿಯಿದೆ ಎಂದು ಖಾತ್ರಿ ಮಾಡಿಕೊಳ್ಳಿ. ಎಲ್ಲದರ ಹೊರಗೆ ದಿನದ ಲೂಪ್ ಇರುತ್ತದೆ. ಅದರೊಳಗೆ ಒಂದು ದಿನದ ಒಳಲೆಕ್ಕ ಹೀಗಿರುತ್ತದೆ (ಗೇಜ್ ಅಂದರೆ ಮಳೆಮಾಪಕ):

ಫಾರ್ (ಸಾಲು = 0; ಸಾಲು < 3500; ಸಾಲು++)
 ಫಾರ್ (ಮನೆ = 0; ಮನೆ < 3000; ಮನೆ++) {
  ಫ್ಲೋಟ್ ಮೇಲೆ = 0, ಕೆಳಗೆ = 0;
  ಫಾರ್ (ಗೇಜ್ = 0; ಗೇಜ್ < 50; ಗೇಜ್++) {
   ತೂಕ = 1.0ಎಫ್ / (ದೂರದ ವರ್ಗ + 1.0ಎಫ್);
   ಮೇಲೆ += ತೂಕ * ಮಳೆ[ದಿನ*50 + ಗೇಜ್];
   ಕೆಳಗೆ += ತೂಕ; }
  ತೇವ[ಸಾಲು*3000 + ಮನೆ] = 0.9ಎಫ್ * ತೇವ[ಸಾಲು*3000 + ಮನೆ] + ಮೇಲೆ / ಕೆಳಗೆ; }

ದೂರದ ವರ್ಗಕ್ಕೆ 1 ಸೇರಿಸಿದ್ದು ಏಕೆ? ಮಾಪಕ ಸರಿಯಾಗಿ ಮನೆಯ ನಡುವಿನಲ್ಲೇ ಇದ್ದರೆ ದೂರ ಸೊನ್ನೆ, ಸೊನ್ನೆಯಿಂದ ಭಾಗಾಕಾರ, ಉತ್ತರ "ಸಂಖ್ಯೆಯೇ ಅಲ್ಲ" ಎಂದಾಗುತ್ತದೆ. ಮೀಟರಿನ ಲೆಕ್ಕದಲ್ಲಿ 1 ಏನೇನೂ ಅಲ್ಲ. ಸಂಖ್ಯೆಗಳ ಕೊನೆಗೆ ಎಫ್ ಹಾಕಿದ್ದಕ್ಕೂ ಕಾರಣವಿದೆ. ಸಿಯಲ್ಲಿ ಬರೀ 1.0 ಎಂದು ಬರೆದರೆ ಅದು ಡಬಲ್, ಅಂದರೆ ದುಪ್ಪಟ್ಟು ನಿಖರತೆಯ ಸಂಖ್ಯೆ. ಟಿ4ನಲ್ಲಿ ಡಬಲ್ ಲೆಕ್ಕದ ವೇಗ ಸಾದಾ ಫ್ಲೋಟ್ ಲೆಕ್ಕದ 32ರಲ್ಲಿ ಒಂದು ಪಾಲು ಮಾತ್ರ. ಎಫ್ ಮರೆತರೆ ಎರರ್ ಬರುವುದಿಲ್ಲ, ಎಲ್ಲ ಆಮೆ ಹಾಗೆ ಓಡುತ್ತದೆ.

ಪರೀಕ್ಷೆ ಮಾಡಲು ಒಂದು ಸುಲಭ ಉಪಾಯ ಇದೆ. 50 ಮಾಪಕಗಳಿಗೂ 10 ಮಿಲಿಮೀಟರ್ ಎಂದೇ ಕೊಡಿ. ಶುರುವಿನ ತೇವ ಸೊನ್ನೆ ಇಟ್ಟು ಒಂದೇ ದಿನ ಓಡಿಸಿ. 1 ಕೋಟಿ 5 ಲಕ್ಷ ಮನೆಗಳಲ್ಲೂ 10 ಬರಬೇಕು. ಎರಡು ದಿನ ಓಡಿಸಿದರೆ 19. ಈ ಪರೀಕ್ಷೆಯನ್ನು ಮುಂದಿನ ಪ್ರತಿ ಹಂತದಲ್ಲೂ ಮಾಡಿ.

ಇನ್ನೆರಡು ಮಾತು. ಇಂಚನ್ನು 25.4ರಿಂದ ಗುಣಿಸಿ ಮಿಲಿಮೀಟರ್ ಮಾಡಿಕೊಳ್ಳಿ, 100 ಸೆಂಟ್‌ಗೆ ಒಂದು ಇಂಚು. ಪುಸ್ತಕದಲ್ಲಿ ಖಾಲಿ ಬಿಟ್ಟ ದಿನವನ್ನು ಸೊನ್ನೆ ಎಂದು ತುಂಬಬೇಡಿ. ಮಳೆ ಬಾರದಿರುವುದು ಬೇರೆ, ಬರೆಯದಿರುವುದು ಬೇರೆ ಅಲ್ವಾ? ಅಂಥ ಕಡೆ ಮೈನಸ್ 1 ಇಟ್ಟು, ಲೆಕ್ಕದಲ್ಲಿ ಆ ಮಾಪಕವನ್ನು ಬಿಟ್ಟುಬಿಡಿ.

ಹಂತ 3: ಯಾವ ಲೂಪ್ ಬಿಡಿ, ಯಾವುದು ಸರಪಳಿ

ಜಿಪಿಯುನಲ್ಲಿ ಸಾವಿರಾರು ಚಿಕ್ಕ ಲೆಕ್ಕಿಗರು ಒಟ್ಟಿಗೆ ಕೆಲಸ ಮಾಡುತ್ತಾರೆ. ಕಾಫಿ ಕೊಯ್ಲಿಗೆ ಒಬ್ಬೊಬ್ಬರಿಗೆ ಒಂದೊಂದು ಸಾಲು ಹಂಚಿದ ಹಾಗೆ. ಪಕ್ಕದ ಸಾಲಿನವರು ಮುಗಿಸಲಿ ಎಂದು ಯಾರೂ ಕಾಯುವಂತಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ: ಲೂಪಿನ ಒಂದು ಸುತ್ತಿಗೆ ಇನ್ನೊಂದು ಸುತ್ತಿನ ಉತ್ತರ ಬೇಕಾ?

ನಮ್ಮ ಲೆಕ್ಕದಲ್ಲಿ ಮೂರು ಬಗೆಯ ಲೂಪ್ ಇದೆ. ಸಾಲು ಮತ್ತು ಮನೆಯ ಲೂಪ್: ಭಾಗಮಂಡಲದ ಮನೆಯ ಉತ್ತರಕ್ಕೆ ಸೋಮವಾರಪೇಟೆಯ ಮನೆಯ ಉತ್ತರ ಬೇಕಿಲ್ಲ. ಇದು ಬಿಡಿ, ಹಂಚಬಹುದು. ಗೇಜ್ ಲೂಪ್: 50 ತೂಕಗಳನ್ನು ಕೂಡಿಸುತ್ತದೆ, ಚಿಕ್ಕದು, ಒಬ್ಬನೇ ಮಾಡಿಕೊಳ್ಳಲಿ. ದಿನದ ಲೂಪ್: ಇವತ್ತಿನ ತೇವಕ್ಕೆ ನಿನ್ನೆಯದು ಬೇಕೇ ಬೇಕು. ಇದು ಸರಪಳಿ, ಹಂಚುವಂತಿಲ್ಲ.

ದಿನದ ಲೂಪ್ ಮೇಲೆ ಪ್ಯಾರಲಲ್ ಎಂದು ಬರೆದುಬಿಟ್ಟರೆ ಏನಾಗುತ್ತದೆ? ಕಂಪೈಲ್ ಆಗುತ್ತದೆ, ಓಡುತ್ತದೆ, ಬಣ್ಣಬಣ್ಣದ ನಕ್ಷೆಯೂ ಬರುತ್ತದೆ. ಆದರೆ ಜುಲೈ ಮಳೆ ಮಾರ್ಚ್‌ನ ಹೂಮಳೆಗಿಂತ ಮೊದಲೇ ಮಣ್ಣಿಗೆ ಸೇರಿರುತ್ತದೆ. ಓಡಿಸಿದಾಗೆಲ್ಲ ಬೇರೆ ಬೇರೆ ಉತ್ತರವೂ ಬರಬಹುದು. ಪ್ಯಾರಲಲ್ ಲೂಪ್ ಎಂದು ಬರೆದರೆ "ಸುತ್ತುಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ" ಎಂದು ನೀವು ಮಾತು ಕೊಟ್ಟಂತೆ. ಕಂಪೈಲರ್ ನಂಬಿಬಿಡುತ್ತದೆ. ಕಂಪೈಲರ್‌ಗೆ "ನೀನೇ ಪರೀಕ್ಷಿಸು" ಎನ್ನಬೇಕಾದರೆ ಕರ್ನಲ್ಸ್ ಎಂಬ ಇನ್ನೊಂದು ಡೈರೆಕ್ಟಿವ್ ಇದೆ. ಅದು ತುಂಬಾ ಅಂಜುಬುರುಕ, ಸ್ವಲ್ಪ ಅನುಮಾನ ಬಂದರೂ ಹಂಚುವುದಿಲ್ಲ. ನಾನು ಅದನ್ನು ಹೆಚ್ಚು ಬಳಸುವುದಿಲ್ಲ.

ಹಂತ 4: ಮೊದಲ ಡೈರೆಕ್ಟಿವ್

ಸಾಲಿನ ಲೂಪ್ ಮೇಲೆ ಹೀಗೆ:

#ಪ್ರಾಗ್ಮಾ ಎಸಿಸಿ ಪ್ಯಾರಲಲ್ ಲೂಪ್ ಕೊಲ್ಯಾಪ್ಸ್(2)

ಗೇಜ್ ಲೂಪ್ ಮೇಲೆ ಹೀಗೆ:

#ಪ್ರಾಗ್ಮಾ ಎಸಿಸಿ ಲೂಪ್ ಸೀಕ್

ಕೊಲ್ಯಾಪ್ಸ್(2) ಅಂದರೆ ಎರಡು ಲೂಪ್ ಸೇರಿಸಿ ಒಂದೇ ಉದ್ದ ಲೂಪ್ ಎಂದು ನೋಡು. 3500ರ ಬದಲು 1 ಕೋಟಿ 5 ಲಕ್ಷ ತುಂಡು ಹಂಚಲು ಸಿಗುತ್ತದೆ. ಸೀಕ್ ಅಂದರೆ ಒಂದಾದ ಮೇಲೊಂದು ಮಾಡು. ಮೇಲೆ, ಕೆಳಗೆ, ತೂಕ ಈ ಮೂರನ್ನೂ ಲೂಪಿನ ಒಳಗೇ ಘೋಷಿಸಿ. ಆಗ ಪ್ರತಿಯೊಬ್ಬ ಲೆಕ್ಕಿಗನಿಗೂ ಸ್ವಂತ ಪ್ರತಿ ಇರುತ್ತದೆ. ಮುಂದೆ ಒಳಗೆ ಚಿಕ್ಕ ಅರೇ ಬಳಸುವಾಗ ಇದು ಮರೆಯಬೇಡಿ: ಹೊರಗೆ ಘೋಷಿಸಿದ ಅರೇಯನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ, ಒಬ್ಬರ ಲೆಕ್ಕದ ಮೇಲೆ ಇನ್ನೊಬ್ಬರು ಗೀಚುತ್ತಾರೆ. ಪ್ರೈವೇಟ್ ಎಂದು ಹೇಳಲೇಬೇಕು.

ಕಂಪೈಲ್ ಮಾಡುವ ಆಜ್ಞೆ (ಎನ್‌ವಿಸಿ ಅಂದರೆ ಎಚ್‌ಪಿಸಿ ಎಸ್‌ಡಿಕೆಯಲ್ಲಿರುವ ಸಿ ಕಂಪೈಲರ್):

ಎನ್‌ವಿಸಿ -ಎಸಿಸಿ -ಎಂಇನ್ಫೋ=ಆ್ಯಕ್ಸೆಲ್ -ಜಿಪಿಯು=ಮ್ಯಾನೇಜ್ಡ್ ಮಳೆ.ಸಿ

ಎಂಇನ್ಫೋದ ಎಂ ಒಂದೇ ದೊಡ್ಡಕ್ಷರ. ಮ್ಯಾನೇಜ್ಡ್ ಎಂದರೆ ಮ್ಯಾಲಾಕ್ ಮಾಡಿದ ಮೆಮೊರಿಯನ್ನು ಬೇಕಾದಾಗ ಅತ್ತಿತ್ತ ಸಾಗಿಸುವ ಕೆಲಸ ಡ್ರೈವರ್‌ದು. ಹೊಸ ಆವೃತ್ತಿಗಳಲ್ಲಿ ಇದನ್ನು ಮೆಮ್:ಮ್ಯಾನೇಜ್ಡ್ ಎಂದು ಬರೆಯುತ್ತಾರೆ. ಕಲಿಯುವ ಮೊದಲ ವಾರಕ್ಕೆ ಇದು ಊರುಗೋಲು.

ಎಂಇನ್ಫೋ ಹೇಳುವುದನ್ನು ಸಾಲು ಸಾಲಾಗಿ ಓದಿ. "ಜನರೇಟಿಂಗ್ ಎನ್‌ವಿಡಿಯಾ ಜಿಪಿಯು ಕೋಡ್" ಎಂದು ಬಂದು, ಅದರ ಕೆಳಗೆ "ಗ್ಯಾಂಗ್, ವೆಕ್ಟರ್(128)" ಎಂದಿದ್ದರೆ ಹಂಚಿಕೆ ಆಗಿದೆ. ಗ್ಯಾಂಗ್ ಅಂದರೆ ದೊಡ್ಡ ಗುಂಪು, ವೆಕ್ಟರ್ ಅಂದರೆ ಗುಂಪಿನೊಳಗೆ ಜೊತೆಯಾಗಿ ಹೆಜ್ಜೆ ಹಾಕುವವರು. ಈ ಸಂಖ್ಯೆಗಳಿಗೆ ಈಗಲೇ ಕೈ ಹಾಕಬೇಡಿ. "ಲೂಪ್ ಕ್ಯಾರೀಡ್ ಡಿಪೆಂಡೆನ್ಸ್" ಎಂದು ಬಂದರೆ ಸರಪಳಿಯ ಅನುಮಾನ. ನಿಜವಾಗಿ ಸರಪಳಿ ಇಲ್ಲದೆಯೂ ಈ ಮಾತು ಬರಬಹುದು. ಎರಡು ಪಾಯಿಂಟರ್ ಒಂದೇ ಜಾಗ ತೋರಿಸುತ್ತಿರಬಹುದು ಎಂಬ ಭಯ ಅದಕ್ಕೆ. ಪಾಯಿಂಟರ್ ಘೋಷಣೆಯಲ್ಲಿ ರಿಸ್ಟ್ರಿಕ್ಟ್ ಎಂಬ ಪದ ಸೇರಿಸಿದರೆ ಭಯ ಹೋಗುತ್ತದೆ.

ಎಚ್ಚರ: -ಎಸಿಸಿ ಹಾಕುವುದನ್ನು ಮರೆತರೂ ಕೋಡ್ ಓಡುತ್ತದೆ, ಸಿಪಿಯು ಮೇಲೆ. ಪ್ರಾಗ್ಮಾ ಸಾಲಿನ ಎಸಿಸಿ ಎಂಬ ಪದದಲ್ಲಿ ಒಂದು ಅಕ್ಷರ ತಪ್ಪಾದರೂ ಅಷ್ಟೇ. ನಾನೊಮ್ಮೆ ಇಡೀ ಸಂಜೆ ಜಿಪಿಯುವನ್ನು ಬೈದುಕೊಂಡು ಕೂತಿದ್ದೆ. ಅದು ಪಾಪ ಕೆಲಸವೇ ಇಲ್ಲದೆ ಸುಮ್ಮನೆ ಕೂತಿತ್ತು. ಖಾತ್ರಿ ಮಾಡಿಕೊಳ್ಳಲು ಎನ್‌ವಿಕಂಪೈಲರ್_ಎಸಿಸಿ_ನೋಟಿಫೈ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಡಿ, ಇದು ಪೂರ್ತಿ ದೊಡ್ಡಕ್ಷರ. ಜಿಪಿಯುಗೆ ಕೆಲಸ ಹೋದಾಗೆಲ್ಲ ಒಂದು ಸಾಲು ಮೂಡುತ್ತದೆ. 2 ಕೊಟ್ಟರೆ ಡೇಟಾ ಸಾಗಣೆ ತೋರಿಸುತ್ತದೆ, 3 ಕೊಟ್ಟರೆ ಎರಡನ್ನೂ.

ಹಂತ 5: ಡೇಟಾ ಸಾಗಣೆ

ಓದುವುದಾದರೆ ಇದನ್ನು ಎರಡು ಸಲ ಓದಿ. "ಜಿಪಿಯು ಹಾಕಿದ ಮೇಲೆ ನಿಧಾನ ಆಯ್ತು" ಎಂದು ಬರುವವರಲ್ಲಿ ಹೆಚ್ಚಿನವರ ಗಂಟು ಇಲ್ಲೇ.

ಜಿಪಿಯುಗೆ ತನ್ನದೇ ಮೆಮೊರಿ ಇದೆ. ಸಿಪಿಯು ಕಡೆಯನ್ನು ಹೋಸ್ಟ್, ಜಿಪಿಯು ಕಡೆಯನ್ನು ಡಿವೈಸ್ ಎನ್ನುತ್ತಾರೆ. ನಡುವೆ ಪಿಸಿಐಇ ಎಂಬ ದಾರಿ. ಟಿ4ನೊಳಗೆ ಮೆಮೊರಿಯ ವೇಗ ಸೆಕೆಂಡಿಗೆ 320 ಜಿಬಿ. ಪಿಸಿಐಇ ದಾರಿಯಲ್ಲಿ ಹೆಚ್ಚೆಂದರೆ ಸೆಕೆಂಡಿಗೆ 16 ಜಿಬಿ, ನಿಜದಲ್ಲಿ ಅದಕ್ಕೂ ಕಡಿಮೆ. ಒಳಗೆ ಹೆದ್ದಾರಿ, ಹೊರಗೆ ಬರಲು ಘಾಟಿ ರಸ್ತೆ.

ಈಗ ಊರುಗೋಲು ಬಿಟ್ಟು, ಮ್ಯಾನೇಜ್ಡ್ ತೆಗೆದು ಲೆಕ್ಕ ಹಾಕೋಣ. ತೇವ ಎಂಬ ಅರೇ 1 ಕೋಟಿ 5 ಲಕ್ಷ ಫ್ಲೋಟ್, ತಲಾ 4 ಬೈಟ್, 42 ಎಂಬಿ. ದಿನಾ ಅದನ್ನು ಜಿಪಿಯುಗೆ ಕಳಿಸಿ, ಸಂಜೆ ವಾಪಸ್ ತರಿಸಿದರೆ ದಿನಕ್ಕೆ 84 ಎಂಬಿ. 365 ದಿನಕ್ಕೆ 30 ಜಿಬಿ ದಾಟಿತು. ದಾರಿ ಪೂರ್ತಿ ಖಾಲಿ ಇದ್ದರೂ ಸುಮಾರು 2 ಸೆಕೆಂಡು ಬರೀ ಓಡಾಟಕ್ಕೆ. ಲೆಕ್ಕಕ್ಕೆ ಎಷ್ಟು? ದಿನಕ್ಕೆ 52 ಕೋಟಿ 50 ಲಕ್ಷ ತೂಕ, ಒಂದಕ್ಕೆ ಸುಮಾರು 10 ಗಣಿತ ಕ್ರಿಯೆ, ವರ್ಷಕ್ಕೆ ಹತ್ತಿರ ಹತ್ತಿರ 1.9 ಲಕ್ಷ ಕೋಟಿ. ಟಿ4ನ ಗರಿಷ್ಠ ವೇಗ ಸೆಕೆಂಡಿಗೆ 8 ಲಕ್ಷ ಕೋಟಿ ಫ್ಲೋಟ್ ಕ್ರಿಯೆ. ಅದರ ಕಾಲು ಭಾಗ ಸಿಕ್ಕರೂ ಒಂದು ಸೆಕೆಂಡಿನೊಳಗೆ ಕೆಲಸ ಮುಗಿಯಿತು. ಅಂದರೆ ಕೊಯ್ಲಿಗಿಂತ ಲಾರಿ ಬಾಡಿಗೆ ಜಾಸ್ತಿ.

ಹಾಗಾದರೆ ದಿನದ ಲೂಪಿನ ಹೊರಗೆ ಒಂದು ಡೇಟಾ ಬೇಲಿ ಹಾಕಿ:

#ಪ್ರಾಗ್ಮಾ ಎಸಿಸಿ ಡೇಟಾ ಕಾಪಿ(ತೇವ[0:10500000]) ಕಾಪಿಇನ್(ಮಳೆ[0:18250], ಎಕ್ಸ್[0:50], ವೈ[0:50])

ಇದರ ಮುಂದಿನ ಸಾಲಿನಲ್ಲಿ ಆವರಣ ತೆರೆದು, ದಿನದ ಲೂಪನ್ನು ಅದರೊಳಗೆ ಇಡಿ. ಎಕ್ಸ್, ವೈ ಅಂದರೆ ಮಾಪಕಗಳು ಇರುವ ಜಾಗ. ಅಕ್ಷಾಂಶ ರೇಖಾಂಶಗಳನ್ನು ಮೀಟರಿಗೆ ಬದಲಿಸಿಕೊಳ್ಳಿ, ಇದಕ್ಕೆ ಬಳಸುವ ಯುಟಿಎಂ ಎಂಬ ನಕ್ಷೆ ಪದ್ಧತಿಯಲ್ಲಿ ಕೊಡಗು 43ನೇ ವಲಯಕ್ಕೆ ಬರುತ್ತದೆ. ಕಾಪಿಇನ್ ಅಂದರೆ ಒಮ್ಮೆ ಒಳಗೆ ಕಳಿಸು, ವಾಪಸ್ ಬೇಡ. ಕಾಪಿಔಟ್ ಅಂದರೆ ಕೊನೆಗೆ ಹೊರಗೆ ತಾ. ಕಾಪಿ ಅಂದರೆ ಎರಡೂ. ಕ್ರಿಯೇಟ್ ಅಂದರೆ ಜಿಪಿಯುನಲ್ಲಿ ಜಾಗ ಮಾತ್ರ ಮಾಡು. ವರ್ಷದ ಮಳೆ ಲೆಕ್ಕವೆಲ್ಲ ಸೇರಿ 18,250 ಸಂಖ್ಯೆ, 73,000 ಬೈಟ್. ಫೋನಿನಲ್ಲಿ ತೆಗೆದ ಒಂದು ಫೋಟೋದಷ್ಟೂ ಇಲ್ಲ. ತೇವ ವರ್ಷವಿಡೀ ಜಿಪಿಯುನಲ್ಲೇ ಇದ್ದು ಕೊನೆಗೆ ಒಮ್ಮೆ ಹೊರಗೆ ಬರುತ್ತದೆ. 30 ಜಿಬಿ ಹೋಗಿ 84 ಎಂಬಿ ಆಯಿತು.

ಒಳಗಿನ ಪ್ಯಾರಲಲ್ ಲೂಪ್ ಸಾಲಿಗೆ ಪ್ರೆಸೆಂಟ್(ತೇವ) ಎಂದು ಸೇರಿಸಿ. ಅರೇ ಜಿಪಿಯುನಲ್ಲಿ ಇಲ್ಲದಿದ್ದರೆ ಪ್ರೋಗ್ರಾಂ ಅಲ್ಲೇ ನಿಂತು ದೂರು ಹೇಳುತ್ತದೆ. ಗೊತ್ತಿಲ್ಲದೆ ಸಾಗಣೆ ನಡೆಯುವುದಕ್ಕಿಂತ ಇದು ಸಾವಿರ ಪಾಲು ವಾಸಿ.

ಇಲ್ಲಿ ಬೀಳುವ ಗುಂಡಿಗಳು:

ಸಿಯಲ್ಲಿ [0:50] ಅಂದರೆ ಸೊನ್ನೆಯಿಂದ ಶುರುಮಾಡಿ 50 ಅಂಶ. ಎರಡನೆಯದು ಎಷ್ಟು ಎಂಬುದು, ಎಲ್ಲಿಯವರೆಗೆ ಎಂಬುದಲ್ಲ. ಫೋರ್ಟ್ರಾನ್‌ನಲ್ಲಿ ಅದು ಎಲ್ಲಿಯವರೆಗೆ. ಒಂದರಿಂದ ಇನ್ನೊಂದಕ್ಕೆ ಬರುವವರು ಖಂಡಿತ ಒಮ್ಮೆ ಎಡವುತ್ತಾರೆ. ಎರರ್ 700, "ಇಲ್ಲೀಗಲ್ ಅಡ್ರೆಸ್" ಎಂದು ಬಂದರೆ ಮೊದಲು ಈ ಸಂಖ್ಯೆಗಳನ್ನೇ ನೋಡಿ.

ನಡುವೆ ಸಿಪಿಯು ಕಡೆಯಲ್ಲಿ ತೇವವನ್ನು ಪ್ರಿಂಟ್ ಮಾಡಿದರೆ ಹಳೆಯ ಬೆಲೆ ಕಾಣುತ್ತದೆ. ಹೋಸ್ಟ್ ಪ್ರತಿ ಬೇರೆ, ಡಿವೈಸ್ ಪ್ರತಿ ಬೇರೆ. ಬೇಕಾದಾಗ ಎಸಿಸಿ ಅಪ್‌ಡೇಟ್ ಸೆಲ್ಫ್ ಎಂದು ಬರೆದು ತರಿಸಿಕೊಳ್ಳಿ. ಇಡೀ ಅರೇ ಬೇಡ, ನೋಡಬೇಕಾದ ಒಂದು ಸಾಲು ಸಾಕು. ಹೋಸ್ಟ್‌ನಲ್ಲಿ ತಿದ್ದಿ ಒಳಗೆ ಕಳಿಸಲು ಅಪ್‌ಡೇಟ್ ಡಿವೈಸ್.

"365 ದಿನದ ನಕ್ಷೆಯನ್ನೂ ಜಿಪಿಯುನಲ್ಲೇ ಇಟ್ಟುಕೊಳ್ತೀನಿ" ಎನ್ನಬೇಡಿ. 42 ಎಂಬಿ ಗುಣಿಸು 365 ಅಂದರೆ 15.3 ಜಿಬಿ. 16ರಲ್ಲಿ ಹಿಡಿಯಬಹುದು ಅನ್ನಿಸುತ್ತದೆ. ಆದರೆ ಡ್ರೈವರ್ ತನ್ನ ಪಾಲು ಮೊದಲೇ ತೆಗೆದಿಟ್ಟಿರುತ್ತದೆ.

ಹಂತ 6: ಕೂಡಿಸುವ ಲೆಕ್ಕ

ಜಿಲ್ಲೆಯ ಸರಾಸರಿ ಬೇಕು ಎಂದರೆ ಎಲ್ಲ ಮನೆಗಳನ್ನೂ ಒಂದೇ ವೇರಿಯಬಲ್‌ಗೆ ಕೂಡಿಸಬೇಕು. ಸಾವಿರಾರು ಜನ ಒಂದೇ ಪುಸ್ತಕದಲ್ಲಿ ಒಂದೇ ಸಲ ಬರೆದರೆ ಒಬ್ಬರದ್ದು ಇನ್ನೊಬ್ಬರು ಅಳಿಸುತ್ತಾರೆ. ಲೂಪ್ ಸಾಲಿಗೆ ರಿಡಕ್ಷನ್(+:ಮೊತ್ತ) ಸೇರಿಸಿ. ಆಗ ಪ್ರತಿಯೊಬ್ಬರೂ ಬೇರೆ ಬೇರೆ ಕೂಡಿಸಿ ಕೊನೆಗೆ ಒಟ್ಟು ಮಾಡುತ್ತಾರೆ. ಅತಿ ಹೆಚ್ಚು ತೇವ ಬೇಕಾದರೆ + ಜಾಗದಲ್ಲಿ ಮ್ಯಾಕ್ಸ್. ಎನ್‌ವಿಸಿ ಕೆಲವು ಸಲ ತಾನೇ ಕಂಡುಹಿಡಿದು ಸೇರಿಸುತ್ತದೆ, ಅದನ್ನು ನಂಬಿ ಕೂರಬೇಡಿ.

ಸಿಪಿಯು ಉತ್ತರಕ್ಕೂ ಇದಕ್ಕೂ ಕೊನೆಯ ಅಂಕಿಗಳಲ್ಲಿ ವ್ಯತ್ಯಾಸ ಬರುತ್ತದೆ. ಕೂಡಿಸುವ ಕ್ರಮ ಬದಲಾದರೆ ದಶಮಾಂಶ ಕತ್ತರಿಸುವ ರೀತಿಯೂ ಬದಲಾಗುತ್ತದೆ. ಎರಡು ಉತ್ತರ ಸಮವೇ ಎಂದು ಕೇಳಬೇಡಿ, ವ್ಯತ್ಯಾಸ ಇಷ್ಟಕ್ಕಿಂತ ಕಡಿಮೆಯೇ ಎಂದು ಕೇಳಿ. ಕೋಟಿ ಸಂಖ್ಯೆ ಕೂಡಿಸುವ ಆ ಒಂದು ಮೊತ್ತವನ್ನು ಮಾತ್ರ ಡಬಲ್ ಇಟ್ಟುಕೊಳ್ಳಿ.

ಹಂತ 7: ಅಳೆಯಿರಿ, ಆಮೇಲೆ ತಿದ್ದಿ

ಎನ್‌ವಿಕಂಪೈಲರ್_ಎಸಿಸಿ_ಟೈಮ್‌ಗೆ 1 ಕೊಟ್ಟರೆ ಲೆಕ್ಕಕ್ಕೆ ಎಷ್ಟು ಹೊತ್ತು, ಸಾಗಣೆಗೆ ಎಷ್ಟು ಎಂದು ಕೊನೆಗೆ ಪಟ್ಟಿ ಬರುತ್ತದೆ. ಜಿಪಿಯು ಎದ್ದು ಸಿದ್ಧವಾಗಲು ಮೊದಲ ಸಲ ಸ್ವಲ್ಪ ಹೊತ್ತು ಬೇಕು. ಒಂದು ದಿನದ ಲೆಕ್ಕ ಮಾತ್ರ ಓಡಿಸಿ "ಸಿಪಿಯುನೇ ವಾಸಿ" ಎಂದು ತೀರ್ಮಾನ ಮಾಡುವವರು ಅಳೆದಿರುವುದು ಆ ಎಚ್ಚರವಾಗುವ ಹೊತ್ತನ್ನೇ. ಸಿಪಿಯು ಜೊತೆ ಹೋಲಿಸುವಾಗ ಅದಕ್ಕೂ ನ್ಯಾಯ ಮಾಡಿ. -ಎಸಿಸಿ=ಮಲ್ಟಿಕೋರ್ ಎಂದು ಕಂಪೈಲ್ ಮಾಡಿದರೆ ಅದೇ ಕೋಡ್ ಸಿಪಿಯುವಿನ ಎಲ್ಲ ಕೋರ್‌ಗಳಲ್ಲೂ ಓಡುತ್ತದೆ. ಜಿಪಿಯು ಇಲ್ಲದ ಲ್ಯಾಪ್‌ಟಾಪಿನಲ್ಲಿ ಅಭ್ಯಾಸ ಮಾಡಲೂ ಇದೇ ದಾರಿ.

ಇನ್ನೊಂದು ತಿದ್ದುಪಡಿ ನನಗೆ ಬಹಳ ಇಷ್ಟ. ದಿನದ ಲೂಪನ್ನು ಒಳಗೆ ತನ್ನಿ, ಮನೆಯ ಲೂಪನ್ನು ಹೊರಗೆ ಒಯ್ಯಿರಿ. ಪ್ರತಿ ಲೆಕ್ಕಿಗನೂ ತನ್ನ ಒಂದು ಮನೆಯ 365 ದಿನವನ್ನು ಕ್ರಮವಾಗಿ ಮುಗಿಸಲಿ. ಸರಪಳಿ ಕಡಿಯಲಿಲ್ಲ, ಹಂಚಿಕೆಯೂ ಉಳಿಯಿತು. ತೇವ ಈಗ ಅರೇ ಅಲ್ಲ, ಕೈಯಲ್ಲೇ ಇರುವ ಒಂದು ಸಂಖ್ಯೆ. ವರ್ಷದ ಕೊನೆಗೆ ಒಮ್ಮೆ ಬರೆದರಾಯಿತು. ಜಿಪಿಯುಗೆ 365 ಸಲ ಕೆಲಸ ಕಳಿಸುವ ಬದಲು ಒಂದೇ ಸಲ. ದಿನದಿನದ ನಕ್ಷೆ ಬೇಕಾದವರಿಗೆ ಇದು ಆಗುವುದಿಲ್ಲ, ವರ್ಷದ ಕೊನೆಯದು ಸಾಕು ಎನ್ನುವವರಿಗೆ ಚಿನ್ನ.

ಸಾಲು ಮತ್ತು ಮನೆಯ ಲೂಪಿನ ಕ್ರಮವನ್ನು ಮಾತ್ರ ಅದಲು ಬದಲು ಮಾಡಬೇಡಿ. ಪಕ್ಕಪಕ್ಕದ ಲೆಕ್ಕಿಗರು ಮೆಮೊರಿಯ ಪಕ್ಕಪಕ್ಕದ ಜಾಗ ಮುಟ್ಟಿದರೆ ಒಂದೇ ಸಲಕ್ಕೆ ಎತ್ತಿಕೊಡಬಹುದು. ಸಿಯಲ್ಲಿ ಒಂದೇ ಅಡ್ಡಸಾಲಿನ ಮನೆಗಳು ಪಕ್ಕಪಕ್ಕ ಇರುತ್ತವೆ, ಫೋರ್ಟ್ರಾನ್‌ನಲ್ಲಿ ತಿರುಗುಮುರುಗು.

ಹಂತ 8: ಓಪನ್‌ಎಂಪಿಗೆ ದಾಟುವುದು

ಎಎಂಡಿ ಅಥವಾ ಇಂಟೆಲ್ ಜಿಪಿಯು ಮೇಲೆ ಓಡಿಸಬೇಕಾದರೆ ಓಪನ್‌ಎಂಪಿಯೇ ಸುಲಭ, ಆ ಕಂಪನಿಗಳ ಕಂಪೈಲರ್‌ಗಳು ಅದನ್ನು ಬೆಂಬಲಿಸುತ್ತವೆ. ಪ್ಯಾರಲಲ್ ಲೂಪ್ ಜಾಗದಲ್ಲಿ ಟಾರ್ಗೆಟ್ ಟೀಮ್ಸ್ ಡಿಸ್ಟ್ರಿಬ್ಯೂಟ್ ಪ್ಯಾರಲಲ್ ಫಾರ್ ಎಂದು ಉದ್ದಕ್ಕೆ ಬರೆಯಬೇಕು. ಡೇಟಾ ಬದಲು ಟಾರ್ಗೆಟ್ ಡೇಟಾ. ಕಾಪಿಇನ್ ಬದಲು ಮ್ಯಾಪ್(ಟು:), ಕಾಪಿಔಟ್ ಬದಲು ಮ್ಯಾಪ್(ಫ್ರಂ:), ಕಾಪಿ ಬದಲು ಮ್ಯಾಪ್(ಟುಫ್ರಂ:). ಅರೇ ಬರೆಯುವ ರೀತಿ ಅದೇ. ಎನ್‌ವಿಸಿಯಲ್ಲೇ ಪರೀಕ್ಷಿಸಲು -ಎಸಿಸಿ ತೆಗೆದು -ಎಂಪಿ=ಜಿಪಿಯು ಹಾಕಿ. ಮೊತ್ತ ಸೊನ್ನೆ ಬಂದರೆ ಗಾಬರಿ ಬೇಡ. ಹಳೆಯ ಓಪನ್‌ಎಂಪಿ ನಿಯಮದಲ್ಲಿ ರಿಡಕ್ಷನ್ ವೇರಿಯಬಲ್ ತಾನಾಗಿ ವಾಪಸ್ ಬರುವುದಿಲ್ಲ, ಅದಕ್ಕೂ ಮ್ಯಾಪ್(ಟುಫ್ರಂ:) ಕೊಡಬೇಕು.

ಕೊಲ್ಯಾಬ್ ಸಾಲದೆ ಬಂದಾಗ ದೊಡ್ಡ ಯಂತ್ರ ಬೇಕಾಗುತ್ತದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರಿನ ಸಾಮರ್ಥ್ಯ 3.3 ಪೆಟಾಫ್ಲಾಪ್ಸ್ (ಸೆಕೆಂಡಿಗೆ 3,300 ಲಕ್ಷ ಕೋಟಿ ಕ್ರಿಯೆ), ಅದರಲ್ಲಿ ಜಿಪಿಯು ನೋಡ್‌ಗಳೂ ಇವೆ. ಇಂಥ ಕಡೆ ಕೆಲಸವನ್ನು ಸರತಿಗೆ ಹಾಕಬೇಕು, ನೇರ ಓಡಿಸುವಂತಿಲ್ಲ.

ಎಲ್ಲಾದರೂ ಸಿಕ್ಕಿಹಾಕಿಕೊಂಡು ಯಾರನ್ನಾದರೂ ಕೇಳುವಾಗ "ಸ್ಲೋ ಇದೆ ಸರ್" ಎಂದಷ್ಟೇ ಹೇಳಬೇಡಿ. ಕಂಪೈಲ್ ಮಾಡಿದ ಪೂರ್ತಿ ಆಜ್ಞೆ, ಎಂಇನ್ಫೋ ಹೇಳಿದ ಸಾಲುಗಳು, ಟೈಮ್ ಪಟ್ಟಿ, ಮತ್ತೆ ಎಲ್ಲ ಮಾಪಕಕ್ಕೂ 10 ಕೊಟ್ಟಾಗ ಬಂದ ಉತ್ತರ, ಇವಿಷ್ಟನ್ನೂ ಜೊತೆಗೆ ಕೊಡಿ. ಇವನ್ನು ಜೋಡಿಸುವಾಗಲೇ ಅರ್ಧ ಜನ "ಸಿಕ್ತು ಬಿಡಿ" ಎನ್ನುತ್ತಾರೆ.